ಟೋಪಿ ಓರೆಯಾಗಿಟ್ಟ ಹುಡುಗ

ವಿಲಿಯಂ ಗ್ರಾಂಟ್ ಸ್ಟಿಲ್ ಎಂಬ ಹೆಸರು ಎಲ್ಲಿ ಬಂದರೂ ಅದರ ಬೆನ್ನಿಗೇ ‘ಮೊದಲಿಗರು’ ಎಂಬ ಪಟ್ಟಿಯೂ ಬರುತ್ತದೆ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದನ್ನು ನಿರ್ದೇಶಿಸಿದ ಮೊದಲ ಕಪ್ಪು ಸಂಗೀತಗಾರ: 1936, ಹಾಲಿವುಡ್ ಬೌಲ್, ಲಾಸ್ ಏಂಜಲಿಸ್ ಫಿಲ್‌ಹಾರ್ಮೋನಿಕ್. ಅಲ್ಲಿನ ಪ್ರಮುಖ ಆರ್ಕೆಸ್ಟ್ರಾ ಒಂದು ನುಡಿಸಿದ, ಕಪ್ಪು ಸಂಯೋಜಕರ ಮೊದಲ ಸಿಂಫನಿ: 1931, ರಾಚೆಸ್ಟರ್. ದೊಡ್ಡ ಒಪೆರಾ ಕಂಪನಿ ರಂಗಕ್ಕೆ ತಂದ ಅವರ ಒಪೆರಾ: 1949, ನ್ಯೂಯಾರ್ಕ್. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಪಟ್ಟಿಗೆ ಕೈಮುಗಿದವರಲ್ಲಿ ಎಷ್ಟು ಜನ ಅವರ ಸಂಗೀತ ಕೇಳಿದ್ದಾರೆ ಎಂಬುದು ನನ್ನ ಅನುಮಾನ. ಯಾರನ್ನಾದರೂ ಗೌರವದಿಂದ ಮೂಲೆಗೆ ಕೂರಿಸಬೇಕಾದರೆ ‘ಇವರೇ ಮೊದಲಿಗರು’ ಎಂದು ಶಾಲು ಹೊದಿಸಿದರೆ ಆಯಿತು.

ನಾನು ಹೇಳಹೊರಟಿರುವ ಕೃತಿ ಈ ಪಟ್ಟಿಯಲ್ಲಿ ಬರುವುದೇ ಇಲ್ಲ. 1943ರಲ್ಲಿ ಸ್ಟಿಲ್ ಬರೆದ ‘ಸೂಟ್ ಫಾರ್ ವಯಲಿನ್ ಅಂಡ್ ಪಿಯಾನೊ’. ಒಂದು ಪಿಟೀಲು, ಒಂದು ಪಿಯಾನೊ, ಮೂರು ಭಾಗ, ಒಟ್ಟು ಕಾಲು ಗಂಟೆಯ ಸಂಗೀತ. ಬಿಡಿ ತುಣುಕುಗಳನ್ನು ಒಟ್ಟಿಗೆ ಕಟ್ಟಿದ್ದನ್ನು ಪಾಶ್ಚಾತ್ಯರು ಸೂಟ್ ಅನ್ನುತ್ತಾರೆ. ಇಬ್ಬರೋ ನಾಲ್ವರೋ ಕೂತು, ಕೋಲು ಹಿಡಿದ ನಿರ್ದೇಶಕರಿಲ್ಲದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವುದಕ್ಕೆ ಚೇಂಬರ್ ಮ್ಯೂಸಿಕ್ ಎಂದು ಹೆಸರು. ನಮ್ಮ ಮನೆ ಕಛೇರಿಯ ಗಾತ್ರದ್ದು ಅಂತಿಟ್ಟುಕೊಳ್ಳಿ. ಈ ಸೂಟ್‌ನ ವಿಶೇಷ ಏನೆಂದರೆ ಅದರ ಮೂರೂ ಭಾಗಗಳ ಹಿಂದೆ ಒಂದೊಂದು ಕಲಾಕೃತಿ ಇದೆ. ಮೂರನ್ನೂ ಮಾಡಿದವರು ಸ್ಟಿಲ್ ಅವರ ಓರಗೆಯ ಕಪ್ಪು ಕಲಾವಿದರು: ರಿಚ್ಮಂಡ್ ಬಾರ್ಥೆ, ಸಾರ್ಜೆಂಟ್ ಜಾನ್ಸನ್, ಆಗಸ್ಟಾ ಸ್ಯಾವೇಜ್.

ನಾನು ಮೈಸೂರಿನಲ್ಲಿ ಪಿಟೀಲು ಕಲಿತು, ಕಲಿಸಿ, ಬಹುಕಾಲ ಗಾಯಕರ ಪಕ್ಕ ಕೂತು ನುಡಿಸಿದವಳು. ಮಗಳು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಳೆ. ಆ ಊರು ನಮ್ಮ ಕಡೆಯವರಿಗೆ ಗೊತ್ತಿರುವುದೇ ತ್ಯಾಗರಾಜರ ಆರಾಧನೆಯಿಂದ. 1978ರಿಂದ ನಡೆದುಕೊಂಡು ಬಂದಿದೆ. ಹೋದವರಲ್ಲಿ ಹೆಚ್ಚಿನವರು ಸಭಾಂಗಣ, ಮನೆ, ಮತ್ತೆ ಸಭಾಂಗಣ ಎಂದು ಓಡಾಡಿಕೊಂಡು ವಾಪಸಾಗುತ್ತಾರೆ. ಅದೇ ಊರಿನಲ್ಲಿ ಒಳ್ಳೆಯ ಕಲಾ ಮ್ಯೂಸಿಯಂ ಇದೆ, ಒಳಗೆ ಹೋಗಲು ಟಿಕೆಟ್ ಬೇಡ. ಸ್ಯಾವೇಜ್ ಮಾಡಿದ ‘ಗ್ಯಾಮಿನ್’ ಶಿಲ್ಪದ ಒಂದು ಪ್ರತಿ ಅಲ್ಲಿದೆ. ಗ್ಯಾಮಿನ್ ಎಂದರೆ ಬೀದಿಯಲ್ಲಿ ಬೆಳೆದ ತುಂಟ ಹುಡುಗ.

ಎದೆಯಿಂದ ಮೇಲೆ ಮಾತ್ರ ಇರುವ ಹುಡುಗ. ತಲೆಗೆ ಮೆತ್ತನೆಯ ಟೋಪಿ, ಅದೂ ಒಂದು ಕಡೆಗೆ ಓರೆ. ಅಂಗಿಯ ಕಾಲರ್ ಬಿಚ್ಚಿದೆ, ಬಟ್ಟೆ ಮುದುಡಿದೆ. ತಲೆ ತುಸು ವಾಲಿದೆ, ದೃಷ್ಟಿ ನಿಮ್ಮ ಮೇಲಿಲ್ಲ, ಪಕ್ಕಕ್ಕಿದೆ. ನಗುತ್ತಾನೋ ಅಂದರೆ ಇಲ್ಲ. ಹತ್ತು ಹನ್ನೆರಡರ ವಯಸ್ಸಿಗೆ ಲೋಕ ಏನೆಂದು ಗೊತ್ತಾಗಿಬಿಟ್ಟ ಮುಖ, ಆದರೂ ಸೋತ ಮುಖ ಅಲ್ಲ. ನೋಡಿದರೆ ಕಂಚು ಅನ್ನಿಸುತ್ತದೆ. ಫಲಕ ಓದಿದರೆ ಪ್ಲಾಸ್ಟರ್, ಮೇಲೆ ಬಣ್ಣ ಬಳಿದದ್ದು. ಮಾಡಿದಾಕೆಗೆ ಕಂಚಿನ ಎರಕ ಹೊಯ್ಯಿಸುವಷ್ಟು ದುಡ್ಡಿರಲಿಲ್ಲ.

ಆಗಸ್ಟಾ ಸ್ಯಾವೇಜ್ ಹುಟ್ಟಿದ್ದು 1892ರಲ್ಲಿ, ಫ್ಲಾರಿಡಾದ ಗ್ರೀನ್ ಕೋವ್ ಸ್ಪ್ರಿಂಗ್ಸ್‌ನಲ್ಲಿ. ಇಟ್ಟಿಗೆ ಗೂಡುಗಳ ಊರು, ಜೇಡಿಮಣ್ಣಿಗೆ ಬರವಿಲ್ಲ. ಮಗು ಮಣ್ಣಿನಲ್ಲಿ ಬಾತುಕೋಳಿ ಮಾಡಿದರೆ ಪಾದ್ರಿಯಾಗಿದ್ದ ತಂದೆ ಹೊಡೆಯುತ್ತಿದ್ದರು. ಮೂರ್ತಿ ಮಾಡುವುದು ಅವರ ಪಾಲಿಗೆ ಪಾಪ. ಹೇಗೋ ನ್ಯೂಯಾರ್ಕಿಗೆ ಬಂದು, ಕೂಪರ್ ಯೂನಿಯನ್‌ನಲ್ಲಿ ಕಲಿತಳು. 1923ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ನಡೆಯುವ ಬೇಸಿಗೆ ಕಲಾಶಾಲೆಗೆ ಅರ್ಜಿ ಹಾಕಿದಳು. ಆಯ್ಕೆ ಮಾಡುವವರು ಅಮೆರಿಕನ್ನರೇ; ಚರ್ಮದ ಬಣ್ಣ ನೋಡಿ ಅರ್ಜಿ ತಳ್ಳಿಹಾಕಿದರು. ಆಕೆ ಸುಮ್ಮನಿರಲಿಲ್ಲ, ಪತ್ರಿಕೆಗಳಿಗೆ ಬರೆದಳು, ಗಲಾಟೆಯಾಯಿತು, ಪ್ರಯೋಜನವಾಗಲಿಲ್ಲ. 1929ರಲ್ಲಿ, ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಒಬ್ಬ ಹುಡುಗನನ್ನು ಕೂರಿಸಿಕೊಂಡು ‘ಗ್ಯಾಮಿನ್’ ಮಾಡಿದಳು. ಆಕೆಯ ಒಡಹುಟ್ಟಿದವರಲ್ಲೊಬ್ಬರ ಮಗನೇ ಅದಕ್ಕೆ ಮಾದರಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಹುಡುಗ ಆಕೆಗೆ ರೋಸೆನ್‌ವಾಲ್ಡ್ ನಿಧಿಯ ವಿದ್ಯಾರ್ಥಿವೇತನ ಕೊಡಿಸಿದ, ಪ್ಯಾರಿಸ್‌ಗೂ ಕಳಿಸಿದ.

ವಾಪಸು ಬಂದು ಹಾರ್ಲೆಮ್‌ನಲ್ಲಿ ಮಕ್ಕಳಿಗೆ ಕಲಿಸಿದಳು. ಮುಂದೆ ದೊಡ್ಡ ಹೆಸರಾದ ಚಿತ್ರಕಾರ ಜೇಕಬ್ ಲಾರೆನ್ಸ್ ಆ ಗರಡಿಯ ಹುಡುಗ. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ‘ದಿ ಹಾರ್ಪ್’ ಎಂಬ ಹದಿನಾರು ಅಡಿಯ ಶಿಲ್ಪ ಮಾಡಿದಳು. ಹಾಡುತ್ತ ನಿಂತ ಹನ್ನೆರಡು ಜನರೇ ಆ ವಾದ್ಯದ ತಂತಿಗಳು. ಜನ ಮುಗಿಬಿದ್ದು ನೋಡಿದರು. ಅದೂ ಪ್ಲಾಸ್ಟರ್. ಮೇಳ ಮುಗಿಯಿತು, ಎರಕ ಹೊಯ್ಯಿಸಲು ಹಣವಿಲ್ಲ, ಸಾಗಿಸಿ ಇಡಲು ಜಾಗವಿಲ್ಲ. ಮೇಳದ ಉಳಿದ ಸಾಮಾನಿನ ಜೊತೆ ಅದನ್ನೂ ಒಡೆದು ಹಾಕಿದರು. ಈಗ ಉಳಿದಿರುವುದು ಫೋಟೊಗಳು, ಮತ್ತೆ ಅಂದು ನೆನಪಿಗೆಂದು ಮಾರಿದ ಪುಟ್ಟ ಲೋಹದ ಪ್ರತಿಗಳು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಸೂಟ್‌ನ ಮೂರನೆಯ ಭಾಗಕ್ಕೆ ‘ಗ್ಯಾಮಿನ್’ ಎಂದೇ ಹೆಸರು, ಮತ್ತು ಅದರಲ್ಲಿ ಈ ಕಥೆಯ ಕಣ್ಣೀರು ಒಂದು ಹನಿಯೂ ಇಲ್ಲ. ‘ಲಯಬದ್ಧವಾಗಿ, ಹಾಸ್ಯದಿಂದ’ ನುಡಿಸಿ ಎಂದು ಸ್ಟಿಲ್ ಮೇಲುಗಡೆ ಬರೆದಿದ್ದಾರೆ. ಮೂರು ನಿಮಿಷದ ಆಸುಪಾಸಿನ ತುಣುಕು. ಪಿಯಾನೊದ ಎಡಗೈ ಕೆಳಗಿನ ಒಂದು ಸ್ವರ, ಮೇಲಿನ ಒಂದು ಸ್ವರಗುಚ್ಛ, ಮತ್ತೆ ಕೆಳಗೆ, ಮತ್ತೆ ಮೇಲೆ ಎಂದು ಹಾರಾಡುತ್ತದೆ. 1920ರ ದಶಕದಲ್ಲಿ ಹಾರ್ಲೆಮ್‌ನ ಪಿಯಾನೊದವರು ಬೆಳೆಸಿದ ಈ ನಡೆಗೆ ಸ್ಟ್ರೈಡ್ ಎನ್ನುತ್ತಾರೆ. ಅದರ ಮೇಲೆ ಪಿಟೀಲು ಮಾತಾಡುತ್ತದೆ. ಒಂದು ಚುಟುಕು ಮಾತು, ನಿಲ್ಲುತ್ತದೆ, ಪಿಯಾನೊ ಏನನ್ನುತ್ತದೋ ಕೇಳುತ್ತದೆ, ಎದುರಾಡುತ್ತದೆ. ಟೋಪಿ ಓರೆಯಾಗಿಯೇ ಇದೆ.

ನನ್ನ ಮೊಮ್ಮಗಳು ಪಾಶ್ಚಾತ್ಯ ಪಿಟೀಲು ಕಲಿಯುತ್ತಾಳೆ. ಶಾಲೆಯ ಕಾರ್ಯಕ್ರಮಕ್ಕೆ ಇದನ್ನೇ ಆರಿಸಿಕೊಂಡಿದ್ದಳು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ಬಿಡಿಸುತ್ತ ಕೇಳುತ್ತಿದ್ದೆ. ಸ್ವರ ಒಂದೂ ತಪ್ಪಿಲ್ಲ, ತಾಳ ಗಟ್ಟಿ, ಆದರೆ ಹುಡುಗ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಕೈ ತೊಳೆದುಕೊಂಡು ಹೋಗಿ, ನನ್ನ ಪಿಟೀಲು ತೆಗೆದು, ನೆಲದ ಮೇಲೆ ಕೂತು, ಸುರುಳಿಯನ್ನು ಪಾದಕ್ಕೆ ಆನಿಸಿಕೊಂಡು ಅದರ ಒಂದು ಸಂಚಾರವನ್ನು ಜಾರಿಸಿ ನುಡಿಸಿದೆ. “ಅಜ್ಜಿ, ಅಷ್ಟೊಂದು ಎಳೀಬೇಡ, ಅದು ಕೀರ್ತನೆ ಆಗ್ಬಿಡತ್ತೆ” ಅಂದಳು. “ನೀನು ಎಳೆಯೋದೇ ಇಲ್ಲವಲ್ಲೇ, ಅದು ಪರೀಕ್ಷೆ ಆಗ್ಬಿಡತ್ತೆ” ಅಂದೆ. ಕೊನೆಗೆ ಇಬ್ಬರ ನಡುವೆ ಎಲ್ಲೋ ಒಂದು ಕಡೆ ಒಪ್ಪಂದವಾಯಿತು.

ಆ ಒಂದು ಜಾಗ ಏನು ಅಂತ ಬಿಡಿಸಿ ಹೇಳುತ್ತೇನೆ, ಇಡೀ ಕೃತಿಯ ಕೀಲಿ ಅಲ್ಲಿದೆ. ಅಮೆರಿಕದ ಕಪ್ಪು ಜನರ ಹಾಡಿನ ಪದ್ಧತಿಯಾದ ಬ್ಲೂಸ್ ಹಾಡುವವರು ಗಾಂಧಾರವನ್ನೂ ನಿಷಾದವನ್ನೂ ನೇರವಾಗಿ ಹಿಡಿಯುವುದಿಲ್ಲ. ಅಂತರ ಗಾಂಧಾರ ಇರಬೇಕಾದ ಕಡೆ ಸಾಧಾರಣದ ಹತ್ತಿರದಿಂದ ಹೊರಟು, ಮೇಲಕ್ಕೆ ಬಾಗಿಸಿ, ಎರಡರ ನಡುವೆ ಎಲ್ಲೋ ನಿಲ್ಲಿಸಿಬಿಡುತ್ತಾರೆ. ಬ್ಲೂ ನೋಟ್ ಎಂದು ಅದಕ್ಕೆ ಹೆಸರು. ಪಿಯಾನೊಗೆ ಈ ಭಾಗ್ಯವಿಲ್ಲ: ಒಂದು ಕರಿ ಮನೆ, ಪಕ್ಕದಲ್ಲಿ ಒಂದು ಬಿಳಿ ಮನೆ, ನಡುವೆ ಏನೂ ಇಲ್ಲ. ಆದ್ದರಿಂದ ಪಿಯಾನೊದವರು ಎರಡನ್ನೂ ಒಟ್ಟಿಗೋ ಒಂದರ ಹಿಂದೆ ಒಂದೋ ಒತ್ತಿ, ಆ ತಿಕ್ಕಾಟದಿಂದ ನಡುವಿನ ಸ್ವರದ ಭ್ರಮೆ ಹುಟ್ಟಿಸುತ್ತಾರೆ. ಪಿಟೀಲಿಗೆ ಆ ಕಷ್ಟವಿಲ್ಲ, ಬೆರಳು ಜಾರಿದರೆ ಸಾಕು. ಗಮಕ ಗೊತ್ತಿರುವ ಕಿವಿಗೆ ಇದು ತಕ್ಷಣ ಹಿಡಿಸುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಗಮಕ ರಾಗದ ಲಕ್ಷಣಕ್ಕೆ ಕಟ್ಟುಬಿದ್ದದ್ದು, ತೋಡಿಯ ಗಾಂಧಾರ ಹೇಗೆ ಅಲುಗಬೇಕು ಎಂಬುದಕ್ಕೆ ಪರಂಪರೆಯ ಅಪ್ಪಣೆ ಇದೆ. ಬ್ಲೂಸ್‌ನ ಜಾರಿಕೆ ಹಾಡುವವರ ಮನಸ್ಸಿಗೆ ಬಿಟ್ಟದ್ದು. ಆದರೆ ಸ್ವರ ಎನ್ನುವುದು ಚುಕ್ಕಿಯಲ್ಲ, ದಾರಿ ಎಂಬ ತಿಳಿವಳಿಕೆ ಇಬ್ಬರಿಗೂ ಇದೆ.

ಇದನ್ನು ಬರೆದ ಮನುಷ್ಯ ಸ್ವತಃ ಪಿಟೀಲಿನವರು. 1895ರಲ್ಲಿ ಮಿಸಿಸಿಪ್ಪಿಯ ವುಡ್‌ವಿಲ್‌ನಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಶಾಲೆಯಲ್ಲಿ ಕಲಿಸುತ್ತಿದ್ದ ತಾಯಿಯ ಜೊತೆ ಅರ್ಕನ್ಸಾದ ಲಿಟ್ಲ್ ರಾಕ್‌ನಲ್ಲಿ ಬೆಳೆದರು. ಅಜ್ಜಿ ಕೆಲಸ ಮಾಡುತ್ತ ಹಳೆಯ ಭಕ್ತಿಗೀತೆಗಳನ್ನು ಹಾಡುತ್ತಿದ್ದರು; ಮಲತಂದೆ ಒಪೆರಾದ ಗ್ರಾಮಫೋನ್ ತಟ್ಟೆಗಳನ್ನು ತಂದುಕೊಡುತ್ತಿದ್ದರು. ಎಲ್ಲ ಮನೆಗಳಂತೆ ಆ ಮನೆಯಲ್ಲೂ ತಾಯಿಗೆ ಮಗ ಡಾಕ್ಟರಾಗಲಿ ಎಂಬ ಆಸೆ. ಅದಕ್ಕೆಂದೇ ಓಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮಗ ಬ್ಯಾಂಡ್ ಕಟ್ಟಿ, ಪದವಿ ಬಿಟ್ಟು ಬಂದ. ಆಮೇಲೆ ಸಂಗೀತ ಕಲಿತದ್ದು ಓಬರ್ಲಿನ್‌ನಲ್ಲಿ, ಅದೂ ಕ್ಲೀವ್‌ಲ್ಯಾಂಡ್‌ಗೆ ಹತ್ತಿರವೇ. ಮೊದಲ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದಾಗ ಊಟದ ಮನೆಯಲ್ಲಿ ಬಡಿಸುವ ಕೆಲಸ ಕೊಟ್ಟರು. ಪಿಟೀಲು ಬರುತ್ತದೆ ಎಂದು ಗೊತ್ತಾದ ಮೇಲೆ ಅಧಿಕಾರಿಗಳು ಉಣ್ಣುವಾಗ ನುಡಿಸುವ ಕೆಲಸ. ‘ಬ್ಲೂಸ್‌ನ ತಂದೆ’ ಎನ್ನಿಸಿಕೊಂಡ ಡಬ್ಲ್ಯು.ಸಿ. ಹ್ಯಾಂಡಿ ಜೊತೆ ಮೆಂಫಿಸ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಕೆಲಸ ಮಾಡಿದರು. ‘ಶಫಲ್ ಅಲಾಂಗ್’ ಎಂಬ 1921ರ ಪ್ರಸಿದ್ಧ ರಂಗಪ್ರದರ್ಶನದಲ್ಲಿ ಓಬೋ ಎಂಬ ಊದುವಾದ್ಯ ನುಡಿಸಿದರು. ಅದೇ ಕಾಲದಲ್ಲಿ, ಕೇಳುಗರನ್ನು ಬೆಚ್ಚಿಬೀಳಿಸುತ್ತಿದ್ದ ನವ್ಯ ಸಂಯೋಜಕ ಎಡ್ಗಾರ್ ವರೇಸ್ ಹತ್ತಿರ ಪಾಠ. ಒಂದು ಕೈಯಲ್ಲಿ ಬೀದಿ, ಇನ್ನೊಂದು ಕೈಯಲ್ಲಿ ವಿದ್ವತ್ತು, ಎರಡನ್ನೂ ಬಿಡಲಿಲ್ಲ.

1934ರಲ್ಲಿ ಲಾಸ್ ಏಂಜಲಿಸ್‌ಗೆ ಬಂದರು. 1939ರಲ್ಲಿ ಪಿಯಾನೊ ವಾದಕಿ, ಪತ್ರಕರ್ತೆ ವರ್ನಾ ಆರ್ವಿಯನ್ನು ಮದುವೆಯಾಗಲು ಗಡಿ ದಾಟಿ ಮೆಕ್ಸಿಕೊದ ಟಿವಾನಾಗೆ ಹೋಗಬೇಕಾಯಿತು. ಆಕೆ ಬಿಳಿಯಳು. ಕಪ್ಪು–ಬಿಳಿ ಮದುವೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ, ಅಲ್ಲಿನ ನ್ಯಾಯಾಲಯ ಆ ಕಾನೂನನ್ನು ತೆಗೆದುಹಾಕಿದ್ದು 1948ರಲ್ಲಿ. ಸೂಟ್ ಬರೆದ 1943ರಲ್ಲೇ ‘ಸ್ಟಾರ್ಮಿ ವೆದರ್’ ಎಂಬ ಚಿತ್ರದ ಸಂಗೀತದ ಹೊಣೆ ಹೊತ್ತಿದ್ದರು. ಕಪ್ಪು ಕಲಾವಿದರೇ ತುಂಬಿದ್ದ ಚಿತ್ರ. ಆದರೂ ಕಪ್ಪು ಜನರನ್ನೂ ಅವರ ಸಂಗೀತವನ್ನೂ ಅಗ್ಗ ಮಾಡುತ್ತಿದ್ದಾರೆಂದು ರಾಜೀನಾಮೆ ಕೊಟ್ಟು ಹೊರಬಂದರು. ಮನೆಯಲ್ಲಿ ಎರಡು ಪುಟ್ಟ ಮಕ್ಕಳಿದ್ದಾಗ ಹಾಲಿವುಡ್ಡಿನ ಸಂಬಳ ಬಿಡುವುದು ಹುಡುಗಾಟವಲ್ಲ.

ಸೂಟ್ ಬರೆದದ್ದು ಲೂಯಿಸ್ ಕಾಫ್‌ಮನ್ ಎಂಬ ಪಿಟೀಲು ವಾದಕರಿಗಾಗಿ. ಪಿಯಾನೊಗೆ ಅವರ ಹೆಂಡತಿ ಆನೆಟ್. ಕಾಫ್‌ಮನ್ ಹೆಸರು ಕೇಳಿಲ್ಲದವರೂ ಅವರ ನಾದ ಕೇಳಿರುತ್ತಾರೆ. ಆ ಕಾಲದ ನೂರಾರು ಹಾಲಿವುಡ್ ಚಿತ್ರಗಳಲ್ಲಿ ಪಿಟೀಲು ನುಡಿಸಿದವರು ಅವರು. ‘ಗಾನ್ ವಿತ್ ದಿ ವಿಂಡ್’ ಅದರಲ್ಲೊಂದು. ಗುಲಾಮಗಿರಿಯ ಕಾಲವನ್ನು ಮಲ್ಲಿಗೆ ಮುಡಿಸಿ ತೋರಿಸಿದ ಆ ಚಿತ್ರಕ್ಕೆ ನುಡಿಸಿದ ಕಮಾನೇ ನಾಲ್ಕು ವರ್ಷದ ಮೇಲೆ ಹಾರ್ಲೆಮ್‌ನ ಬೀದಿ ಹುಡುಗನಿಗೂ ದನಿಯಾಯಿತು. ಸಂಗೀತಗಾರರ ಹೊಟ್ಟೆಪಾಡಿನಲ್ಲಿ ಇಂಥ ವಿಚಿತ್ರಗಳು ಸಹಜ. ಗಂಡಹೆಂಡತಿ ಇಬ್ಬರಿಗೂ ಚಿತ್ರಕಲೆಯ ಹುಚ್ಚು. ಮಿಲ್ಟನ್ ಏವರಿ ಎಂಬ ಕಲಾವಿದರಿಗೆ ಇನ್ನೂ ಹೆಸರು ಬಾರದಿದ್ದಾಗಲೇ ಅವರ ಚಿತ್ರಗಳನ್ನು ಕೊಂಡವರು.

ಎರಡನೆಯ ಭಾಗ ‘ಮದರ್ ಅಂಡ್ ಚೈಲ್ಡ್’. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ಜೆಂಟ್ ಜಾನ್ಸನ್ ತಾಯಿ–ಮಗುವನ್ನು ಹಲವು ಸಲ ಮಾಡಿದ್ದಾರೆ, ಕಾಗದದ ಮೇಲೂ ಮರದಲ್ಲೂ. ಅವರ ತಂದೆ ಸ್ವೀಡನ್ ಮೂಲದವರು, ತಾಯಿ ಆಫ್ರಿಕನ್ ಮತ್ತು ಚೆರೋಕಿ ಮೂಲದವರು. ಒಡಹುಟ್ಟಿದವರಲ್ಲಿ ಕೆಲವರು ಬಿಳಿಯರೆಂದೇ ಹೇಳಿಕೊಂಡು ಬದುಕಿದರು. ಜಾನ್ಸನ್ ಹಾಗೆ ಮಾಡಲಿಲ್ಲ. ಕಪ್ಪು ಮುಖದ ದುಂಡು ಕೆನ್ನೆ, ತುಂಬಿದ ತುಟಿಯ ಚೆಲುವನ್ನು ಕಪ್ಪು ಜನರಿಗೇ ತೋರಿಸಬೇಕೆಂದು ಹಟ ಹಿಡಿದು ಮಾಡಿದರು. ಅವರ ಕೆತ್ತನೆಗಾದ ಗತಿ ಕೇಳಿ. ಬರ್ಕ್ಲಿಯ ಅಂಧರ ಶಾಲೆಗಾಗಿ 1937ರಲ್ಲಿ ರೆಡ್‌ವುಡ್ ಮರದಲ್ಲಿ ಇಪ್ಪತ್ತೆರಡು ಅಡಿ ಉದ್ದದ ಫಲಕ ಕೆತ್ತಿದ್ದರು. ಶಾಲೆಯ ಆವರಣ ಮುಂದೆ ವಿಶ್ವವಿದ್ಯಾಲಯಕ್ಕೆ ಸೇರಿತು, ಫಲಕ ಗೋದಾಮು ಸೇರಿತು. 2009ರಲ್ಲಿ ಅದನ್ನು ಹಳೆಯ ಸಾಮಾನಿನ ಜೊತೆ ನೂರೈವತ್ತು ಡಾಲರಿಗೆ, ತೆರಿಗೆ ಬೇರೆ, ಮಾರಿಬಿಟ್ಟರು. ಅದರ ಬೆಲೆ ಹತ್ತು ಲಕ್ಷ ಡಾಲರಿಗೂ ಮೀರಿದ್ದು ಎಂದು ಗೊತ್ತಾದದ್ದು ಆಮೇಲೆ. ಈಗ ಹಂಟಿಂಗ್‌ಟನ್ ಮ್ಯೂಸಿಯಂನಲ್ಲಿದೆ.

ಈ ಭಾಗವನ್ನು ಲಾಲಿ ಎಂದು ಎಲ್ಲರೂ ಬರೆಯುತ್ತಾರೆ. ಶುರುವಾಗುವುದು ಹಾಗೆಯೇ: ಪಿಯಾನೊ ತೂಗುತ್ತದೆ, ಪಿಟೀಲು ಉದ್ದನೆಯ ಉಸಿರಿನಲ್ಲಿ ಹಾಡುತ್ತದೆ. ಆದರೆ ನಡುವೆ ಹೋಗುತ್ತ ಹೋಗುತ್ತ ಅದು ಮಗುವನ್ನು ಮಲಗಿಸುವ ಹಾಡಾಗಿ ಉಳಿಯುವುದಿಲ್ಲ. ದನಿ ಏರುತ್ತದೆ, ತಾಯಿಯ ಸ್ವಂತ ಸಂಕಟ ಎದ್ದು ಬರುತ್ತದೆ, ಮಗು ಎದ್ದೀತು ಎಂಬ ಎಚ್ಚರದಿಂದಲೋ ಏನೋ ಮತ್ತೆ ಇಳಿಯುತ್ತದೆ. ಆಗ ಸ್ಟಿಲ್ ಅವರ ಮಗಳು ಜುಡಿತ್ ಇನ್ನೂ ಎಳೆಕೂಸು, 1942ರಲ್ಲಿ ಹುಟ್ಟಿದವಳು. ಮುಂದೆ ತಂದೆಯ ಸಂಗೀತವನ್ನು ಮುದ್ರಿಸಿ, ಹಂಚಿ ಉಳಿಸುವ ಕೆಲಸಕ್ಕೆ ನಿಂತದ್ದು ಅವಳೇ. ತಂತಿವಾದ್ಯಗಳ ಆರ್ಕೆಸ್ಟ್ರಾಕ್ಕೂ ಸ್ಟಿಲ್ ಈ ಭಾಗವನ್ನು ಹೊಂದಿಸಿ ಬರೆದಿದ್ದಾರೆ, ಹೆಚ್ಚಾಗಿ ಕೇಳಿಬರುವುದು ಅದು. ನನಗೆ ಎರಡೇ ವಾದ್ಯದ್ದು ಮೇಲು. ಇಪ್ಪತ್ತು ಪಿಟೀಲು ಒಟ್ಟಿಗೆ ಲಾಲಿ ಹಾಡಿದರೆ ಯಾವ ಮಗು ಮಲಗುತ್ತದೆ?

ಮೊದಲ ಭಾಗದ ಬಗ್ಗೆ ನನ್ನದು ಸ್ವಲ್ಪ ತಕರಾರು. ‘ಆಫ್ರಿಕನ್ ಡಾನ್ಸರ್’ ರಿಚ್ಮಂಡ್ ಬಾರ್ಥೆ 1933ರಲ್ಲಿ ಮಾಡಿದ ನರ್ತಕಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಕೊಂಡುಕೊಂಡದ್ದು. ಅದೂ ಪ್ಲಾಸ್ಟರೇ. ಮೈ ಹೇಗೆ ತಿರುಗುತ್ತದೆ ಎಂದು ತಿಳಿಯಲು ಬಾರ್ಥೆ ಮಾರ್ಥಾ ಗ್ರಹಾಂ ಅವರ ನೃತ್ಯಶಾಲೆಯಲ್ಲಿ ತಾವೇ ಕುಣಿಯಲು ಕಲಿತರು. ಶಿಲ್ಪದಲ್ಲಿ ಆ ತಿಳಿವಳಿಕೆ ಕಾಣುತ್ತದೆ. ಸಂಗೀತ ಮಾತ್ರ ಗಂಭೀರ ಪೀಠಿಕೆಯಿಂದ ಶುರುವಾಗಿ, ಆಮೇಲೆ ಜೋರು ಕುಣಿತಕ್ಕೆ ಇಳಿಯುತ್ತದೆ. ಪೀಠಿಕೆಯಲ್ಲಿ ಸಭಾ ಮರ್ಯಾದೆ ಹೆಚ್ಚಾಯಿತು ಎಂದು ನನಗನ್ನಿಸುತ್ತದೆ. ಬಾರ್ಥೆಯೂ ಸ್ಟಿಲ್ ಹಾಗೆ ಮಿಸಿಸಿಪ್ಪಿಯವರು. ಇಬ್ಬರಿಗೂ ಆಫ್ರಿಕಾ ಎಂದರೆ ಕೇಳಿ ಊಹಿಸಿಕೊಂಡ ತವರು. ಊಹೆಯ ತವರಿನ ಬಗ್ಗೆ ಮಾತಾಡುವಾಗ ದನಿ ಸ್ವಲ್ಪ ದೊಡ್ಡದಾಗುತ್ತದೆ, ಹೊರದೇಶದಲ್ಲಿರುವ ನಮ್ಮವರ ರಾಜ್ಯೋತ್ಸವ ಭಾಷಣ ಕೇಳಿದವರಿಗೆ ಇದು ಗೊತ್ತು. ಕುಣಿತ ಶುರುವಾದ ಮೇಲೆ ತಕರಾರಿಲ್ಲ.

ಪಿಯಾನೊದ ಬಗ್ಗೆ ಒಂದು ಮಾತು. ಪಕ್ಕವಾದ್ಯದಲ್ಲಿ ಬಾಳು ಸವೆಸಿದವಳಾದ್ದರಿಂದ ನನ್ನ ಕಿವಿ ಮೊದಲು ಹೋಗುವುದೇ ಜೊತೆಗಾರರ ಕಡೆಗೆ. ನಮ್ಮಲ್ಲಿ ಗಾಯಕರು ಹೋದ ದಾರಿಯಲ್ಲಿ ನೆರಳಿನ ಹಾಗೆ ಹೋಗಬೇಕು, ನಮ್ಮ ಸರದಿಗೆ ಸಿಕ್ಕಷ್ಟು ಹೊತ್ತು ನಮ್ಮ ವಿದ್ಯೆ ತೋರಿಸಬೇಕು. ಇಲ್ಲಿ ಪಿಯಾನೊ ನೆರಳಲ್ಲ. ‘ಗ್ಯಾಮಿನ್’ನಲ್ಲಿ ಬೀದಿ ಇರುವುದೇ ಪಿಯಾನೊದಲ್ಲಿ. ಆ ಎಡಗೈ ಒಂದು ಕೂದಲೆಳೆಯಷ್ಟು ತಡವಾದರೂ ಹುಡುಗ ಮುಗ್ಗರಿಸುತ್ತಾನೆ. ಮೊಮ್ಮಗಳ ಕಾರ್ಯಕ್ರಮದಲ್ಲಿ ಅವಳಿಗಿಂತ ಹೆಚ್ಚು ಚಪ್ಪಾಳೆ ಪಿಯಾನೊ ನುಡಿಸಿದ ಹುಡುಗನಿಗೇ ಸಲ್ಲಬೇಕಿತ್ತು ಎಂದು ಮನೆಗೆ ಬಂದ ಮೇಲೆ ಹೇಳಿದೆ. ಅಂದು ರಾತ್ರಿ ನನಗೆ ಮೊಸರು ಬಡಿಸುವವರಿರಲಿಲ್ಲ.

ಆಗಸ್ಟಾ ಸ್ಯಾವೇಜ್ ನ್ಯೂಯಾರ್ಕ್ ಬಿಟ್ಟು ಹಳ್ಳಿಯೊಂದಕ್ಕೆ ಹೋಗಿ ನೆಲೆಸಿ, 1962ರಲ್ಲಿ ತೀರಿಕೊಂಡರು. ಬಾರ್ಥೆ ಕೊನೆಗಾಲದಲ್ಲಿ ಕೈ ಬರಿದಾಗಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿದ್ದಾಗ ಜೇಮ್ಸ್ ಗಾರ್ನರ್ ಎಂಬ ನಟ ಮನೆಬಾಡಿಗೆ ಕೊಟ್ಟು ನೋಡಿಕೊಂಡರು. ಸ್ಟಿಲ್ 1978ರಲ್ಲಿ ತೀರಿಕೊಂಡರು. ಬದುಕಿದ್ದಾಗ ಸ್ಯಾವೇಜ್‌ಗೆ ಬೇಕಾದಷ್ಟು ಕಂಚು ಸಿಗಲಿಲ್ಲ, ಸ್ಟಿಲ್‌ಗೆ ಬೇಕಾದಷ್ಟು ಸಭಾಂಗಣ ಸಿಗಲಿಲ್ಲ. ಆದರೆ ಸಂಗೀತಕ್ಕೆ ಒಂದು ಅನುಕೂಲವಿದೆ: ಗೋದಾಮು ಬೇಡ, ಎರಕ ಬೇಡ, ಕಾಗದ ಉಳಿದಿದ್ದು ನುಡಿಸುವ ಇಬ್ಬರು ಸಿಕ್ಕರೆ ಸಾಕು. ಈಚಿನ ವರ್ಷಗಳಲ್ಲಿ ಸಿಗುತ್ತಿದ್ದಾರೆ. ರೇಚಲ್ ಬಾರ್ಟನ್ ಪೈನ್ 2018ರ ‘ಬ್ಲೂಸ್ ಡೈಲಾಗ್ಸ್’ನಲ್ಲಿ, ರ್‍ಯಾಂಡಲ್ ಗೂಸ್‌ಬಿ ಎಂಬ ಯುವಕ 2021ರ ‘ರೂಟ್ಸ್’ನಲ್ಲಿ ಈ ಸೂಟ್ ಪೂರ್ತಿ ನುಡಿಸಿದ್ದಾರೆ. ಪೈನ್ ಅವರದು ಬ್ಲೂಸ್ ಬಲ್ಲ ಕೈ. ಗೂಸ್‌ಬಿ ಅವರ ‘ಮದರ್ ಅಂಡ್ ಚೈಲ್ಡ್’ ನನಗೆ ಹೆಚ್ಚು ಹಿಡಿಸಿತು.

ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲ ಸಲ ಕೇಳುವವರು ಹಿಂದಿನಿಂದ ಮುಂದಕ್ಕೆ ಕೇಳಿ: ಮೊದಲು ಹುಡುಗ, ಆಮೇಲೆ ತಾಯಿ, ಕೊನೆಗೆ ನರ್ತಕಿ. ಮೈಸೂರು, ಬೆಂಗಳೂರಿನಲ್ಲಿ ಪಾಶ್ಚಾತ್ಯ ಪಿಟೀಲು ಕಲಿಯುವ ಮಕ್ಕಳಿಗೆ ಗ್ರೇಡ್ ಪರೀಕ್ಷೆಯ ಪುಸ್ತಕ ಬಿಟ್ಟು ಬೇರೇನು ಕೊಡಿಸಲಿ ಎಂದು ನನ್ನನ್ನು ಕೇಳುವ ತಾಯ್ತಂದೆಯರಿಗೂ ಇದೇ ಉತ್ತರ. ಸ್ವರಲಿಪಿ ಅಚ್ಚಿನಲ್ಲಿದೆ, ತರಿಸಿಕೊಳ್ಳಬಹುದು. ಪಿಯಾನೊ ಸಿಗದಿದ್ದರೆ ಒಳ್ಳೆಯ ಕೀಬೋರ್ಡ್ ನಡೆಯುತ್ತದೆ, ಎಡಗೈ ಗಟ್ಟಿಯಿರುವವರು ಕೂತರೆ ಆಯಿತು.